ಹೊಸ ಕಂಪ್ಯೂಟರ್, ವಿಂಡೋಸ್ ಹಾಕುವಾಗಲೆಲ್ಲ ರೀಸ್ಟಾರ್ಟ್: ಐದು ಸಲ ಸೋತಿದ್ದೇನೆ

ಪೂರ್ವಡೊಂಬಿವಲಿ | ಭಾನುವಾರ, ರಾತ್ರಿ 10.50

ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಎಂಜಿನಿಯರಿಂಗ್ ಸೇರಿದ್ದಾಳೆ. ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸೋಣ ಎಂದು ಹಟ ಹಿಡಿದವಳು ಅವಳು, ಹೂಂ ಎಂದವನು ನಾನು. ನಿನ್ನೆ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಿಂದ ಎಲ್ಲವನ್ನೂ ತಂದೆವು. ಗ್ರ್ಯಾಂಟ್ ರೋಡ್‌ನಲ್ಲಿ ಲೋಕಲ್ ಹತ್ತಿ, ದಾದರ್‌ನಲ್ಲಿ ಇಳಿದು, ಆ ಸೇತುವೆಯ ನೂಕುನುಗ್ಗಲಿನಲ್ಲಿ ಕ್ಯಾಬಿನೆಟ್ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಸೆಂಟ್ರಲ್ ಲೈನಿಗೆ ದಾಟಿದೆ. ಪೆಟ್ಟಿಗೆಯ ಒಂದು ಮೂಲೆ ನುಜ್ಜಾಯಿತು. ಒಳಗಿನ ಮಾಲು ಸರಿಯಾಗಿಯೇ ಇದೆ.

ಪ್ರೊಸೆಸರ್ ರೈಜೆನ್ 5 5600ಜಿ, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 550 ವಾಟ್‌ನ ಪವರ್ ಸಪ್ಲೈ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ರ‍್ಯಾಮ್ ಮೇಲೆ 3600 ಎಂದಿದೆ. ವೀಡಿಯೊದಲ್ಲಿ ಹೇಳಿದರೆಂದು ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಆ ವೇಗಕ್ಕೆ ಏರಿಸುವ ಆಯ್ಕೆ, ಆನ್ ಮಾಡಿದ್ದೇವೆ.

ಊಟದ ಮೇಜಿನ ಮೇಲೆಯೇ ಜೋಡಿಸಿದೆವು. ಮೊದಲ ಸಲಕ್ಕೇ ಬಯೋಸ್ ತೆರೆದುಕೊಂಡಿತು, ಮಗಳು ಕುಣಿದಾಡಿದಳು. ಆಮೇಲೆ ಶುರುವಾಯಿತು. ಪೆನ್‌ಡ್ರೈವ್‌ನಿಂದ ವಿಂಡೋಸ್ 11 ಹಾಕಲು ಹೊರಟರೆ ಕಡತಗಳು ನಕಲಾಗುತ್ತಿರುವಾಗಲೇ ಪರದೆ ಕಪ್ಪಾಗಿ, ಮತ್ತೆ ಬೋರ್ಡಿನ ಚಿಹ್ನೆಯಿಂದ ಆರಂಭ. ಒಮ್ಮೆ ಶೇ 23ರಲ್ಲಿ, ಒಮ್ಮೆ 61ರಲ್ಲಿ, ಒಮ್ಮೆ ಬರೀ 8ರಲ್ಲಿ. ನೀಲಿ ಪರದೆ ಇಲ್ಲ, ದೋಷದ ಸಂಖ್ಯೆ ಇಲ್ಲ, ಯಾರೋ ತಲೆಗೆ ಮೊಟಕಿದ ಹಾಗೆ. ಅಂಗಡಿಗೆ ಫೋನ್ ಮಾಡಿದರೆ, ತೆರೆದ ಮಾಲು ವಾಪಸಿಲ್ಲ, ಸರ್ವಿಸ್ ಸೆಂಟರಿಗೆ ಹೋಗಿ ಎಂದರು. ಜೋಡಣೆಯ ಕೂಲಿ 800 ರೂಪಾಯಿ ಉಳಿಸಿದ್ದಕ್ಕೆ ಮನೆಯಾಕೆಯಿಂದ ಕೇಳಬಾರದ್ದನ್ನೆಲ್ಲ ಕೇಳಿಯಾಗಿದೆ. ದಾರಿ ತೋರಿಸಿ.

ಮಾಟುಂಗಾಮಾಣಿ | ರಾತ್ರಿ 10.58

ವಿಂಡೋಸ್ ಹಾಕುವಾಗ ರೀಸ್ಟಾರ್ಟ್ ಆಗುವುದು ಸಹಜ ಮಾರಾಯರೇ. ಎರಡು ಮೂರು ಸಲ ಆಗಿಯೇ ಆಗುತ್ತದೆ. ಆಗ ಪೆನ್‌ಡ್ರೈವ್ ತೆಗೆಯಬೇಕು. ತೆಗೆಯದಿದ್ದರೆ ಮತ್ತೆ ಅದರಿಂದಲೇ ಬೂಟ್ ಆಗಿ ಮೊದಲಿನಿಂದ ಶುರುವಾಗಬಹುದು. ಇಷ್ಟಕ್ಕೆ ಇಷ್ಟು ಗಾಬರಿಯೇ?

ಥಾಣೆತಂಗಿ | ರಾತ್ರಿ 11.04

ಮಾಣಿ ಅಣ್ಣಾ, ಪೂರ್ತಿ ಓದಿ. ನೀವು ಹೇಳುವ ರೀಸ್ಟಾರ್ಟ್ ನಕಲು ಕೆಲಸ ನೂರಕ್ಕೆ ಮುಟ್ಟಿದ ಮೇಲೆ ಆಗುವುದು. ಅದಕ್ಕೂ ಮೊದಲು ಪರದೆಯ ಮೇಲೆ ಎಣಿಕೆ ಇಳಿಯುತ್ತದೆ, ಹೇಳಿ ಕೇಳಿ ಆಗುತ್ತದೆ. ಇವರದು ನಡುದಾರಿಯಲ್ಲಿ, ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ.

ಕೋಥರೂಡ್‌ಕಟ್ಟೆ | ರಾತ್ರಿ 11.10

ರ‍್ಯಾಮ್. ಕಣ್ಣು ಮುಚ್ಚಿ ಹೇಳುತ್ತೇನೆ, ರ‍್ಯಾಮ್.

5600ಜಿಗೆ ಎಎಂಡಿ ಅಧಿಕೃತವಾಗಿ ಹೇಳಿರುವುದು ಡಿಡಿಆರ್4 3200 ಮಾತ್ರ. ನೀವು ಎಕ್ಸ್‌ಎಂಪಿ ಆನ್ ಮಾಡಿ 3600ಕ್ಕೆ ಓಡಿಸುತ್ತಿದ್ದೀರಿ, ಅದು ಓವರ್‌ಕ್ಲಾಕ್, ಅಂದರೆ ನಿಗದಿಗಿಂತ ಹೆಚ್ಚಿನ ವೇಗ. ಬಹಳಷ್ಟು ಯಂತ್ರಗಳು ತಾಳಿಕೊಳ್ಳುತ್ತವೆ, ಕೆಲವು ತಾಳುವುದಿಲ್ಲ. ವಿಂಡೋಸ್ ಹಾಕುವಾಗ ಕುಗ್ಗಿಸಿದ ಕಡತಗಳನ್ನು ರ‍್ಯಾಮ್‌ನಲ್ಲೇ ಬಿಚ್ಚಬೇಕು. ಅಲ್ಲಿ ಒಂದು ಬಿಟ್ ತಪ್ಪಿದರೂ ಕಥೆ ಮುಗಿಯಿತು. ಸಾಲದ್ದಕ್ಕೆ ಇದರ ಗ್ರಾಫಿಕ್ಸ್ ಕೂಡ ಅದೇ ರ‍್ಯಾಮ್‌ನಿಂದ ಪಾಲು ಕೇಳುತ್ತದೆ. ಎಕ್ಸ್‌ಎಂಪಿ ಆಫ್ ಮಾಡಿ. ಎರಡು ರ‍್ಯಾಮ್‌ಗಳೂ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿವೆಯೇ ನೋಡಿ. ಆಮೇಲೆ ಒಂದನ್ನೇ ಇಟ್ಟು ದೋಷ ಹುಡುಕುವ ತಂತ್ರಾಂಶ ಮೆಮ್‌ಟೆಸ್ಟ್ ಓಡಿಸಿ, ನಂತರ ಇನ್ನೊಂದನ್ನು.

ಪಿಂಪ್ರಿಪಾಳಿ | ರಾತ್ರಿ 11.22

ಪುಣೆಯ ಕೋಥರೂಡಿನವರಿಗೆ ಎಲ್ಲಕ್ಕೂ ರ‍್ಯಾಮ್ ಒಂದೇ ಮದ್ದು. ರ‍್ಯಾಮ್ ಕೆಟ್ಟರೆ ಸಾಮಾನ್ಯವಾಗಿ ನೀಲಿ ಪರದೆ ಬರುತ್ತದೆ, ಇಲ್ಲವೇ ಕಡತ ಓದಲಾಗಲಿಲ್ಲ ಎಂದು ಇನ್‌ಸ್ಟಾಲರ್ ಗೊಣಗುತ್ತದೆ. ಒಂದು ಮಾತೂ ಆಡದೆ ಫಟ್ಟನೆ ರೀಸ್ಟಾರ್ಟ್ ಆದರೆ ಪವರ್ ಸಪ್ಲೈ ಕಡೆ ನೋಡಬೇಕು. 550 ವಾಟ್ ಎಂಬುದು ಲೇಬಲ್ಲಿನ ಮಾತು. 80 ಪ್ಲಸ್ ಮುದ್ರೆ ಹೇಳುವುದೂ ದಕ್ಷತೆಯನ್ನೇ ಹೊರತು ಗುಣಮಟ್ಟವನ್ನಲ್ಲ.

ಮೂರು ಪ್ರಶ್ನೆ. ಪ್ರೊಸೆಸರಿನ ಪಕ್ಕದ 8 ಪಿನ್ ಕನೆಕ್ಟರ್ ಪೂರ್ತಿ ಕೂತಿದೆಯೇ? ಅದು ನಾಲ್ಕು ನಾಲ್ಕಾಗಿ ಸೀಳಿರುತ್ತದೆ, ಹೊಸಬರು ಅರ್ಧ ಮಾತ್ರ ಹಾಕಿ ಬಿಡುತ್ತಾರೆ. ನಡುವೆ ಯುಪಿಎಸ್ ಇದೆಯೇ? ಮನೆಯಲ್ಲಿ ಅರ್ಥಿಂಗ್ ಇದೆಯೇ?

ಪೂರ್ವಡೊಂಬಿವಲಿ | ರಾತ್ರಿ 11.31

8 ಪಿನ್ ಪೂರ್ತಿ ಕೂತಿದೆ, ಕ್ಲಿಕ್ ಎಂದಿತ್ತು. ಯುಪಿಎಸ್ ಇದೆ, ಹಳೆಯದು, 600 ವಿಎ. ಅರ್ಥಿಂಗ್ ಗೊತ್ತಿಲ್ಲ. ಆದರೆ ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ ಹಿಂದಿನ ಸ್ಕ್ರೂ ಮುಟ್ಟಿದರೆ ಬೆರಳು ಜುಮ್ ಎನ್ನುತ್ತದೆ.

ಪಿಂಪ್ರಿಪಾಳಿ | ರಾತ್ರಿ 11.36

ಜುಮ್ ಎಂದರೆ ಅರ್ಥಿಂಗ್ ಇಲ್ಲ ಎಂದೇ ಲೆಕ್ಕ. ಪವರ್ ಸಪ್ಲೈ ಬಾಯಲ್ಲಿರುವ ಫಿಲ್ಟರ್‌ನ ಎರಡು ಕೆಪಾಸಿಟರ್‌ಗಳು ಕ್ಯಾಬಿನೆಟ್ಟಿಗೆ ಜೋಡಣೆಯಾಗಿರುತ್ತವೆ. ಅರ್ಥ್ ತಂತಿ ಇಲ್ಲದಿದ್ದರೆ ಇಡೀ ಲೋಹದ ಮೈ ಸುಮಾರು ಅರ್ಧ ವೋಲ್ಟೇಜಿನಲ್ಲಿ, ಅಂದರೆ 115 ವೋಲ್ಟ್ ಆಸುಪಾಸಿನಲ್ಲಿ ತೇಲುತ್ತದೆ. ಕರೆಂಟು ತೀರಾ ಕಡಿಮೆ, ಆದ್ದರಿಂದ ಬರೀ ಜುಮ್. ಹಾಗೆಂದು ಹಾಗೆಯೇ ಬಿಡುವಂಥದ್ದಲ್ಲ.

ಯುಪಿಎಸ್ ಬಗ್ಗೆಯೂ ನನಗೆ ಅನುಮಾನ. ಅಗ್ಗದ ಯುಪಿಎಸ್ ಬ್ಯಾಟರಿಗೆ ಹಾರಿದಾಗ ಕೊಡುವುದು ಮೆಟ್ಟಿಲು ಮೆಟ್ಟಿಲಾದ ಅಲೆ. ಈಗಿನ ಕೆಲವು ಪವರ್ ಸಪ್ಲೈಗಳಿಗೆ ಅದು ಒಗ್ಗುವುದಿಲ್ಲ. ಕರೆಂಟು ತಪ್ಪಿದರೆ ಒಳ್ಳೆಯ ಸಪ್ಲೈ ಸುಮಾರು 16 ಮಿಲಿಸೆಕೆಂಡು ಉಸಿರು ಹಿಡಿಯುತ್ತದೆ. ಯುಪಿಎಸ್‌ನ ರಿಲೇ ಅಷ್ಟರೊಳಗೆ ಹೊರಳದಿದ್ದರೆ ರೀಸ್ಟಾರ್ಟ್. ರೀಸ್ಟಾರ್ಟ್ ಆಗುವ ಹೊತ್ತಿಗೆ ಯುಪಿಎಸ್‌ನಿಂದ ಟಕ್ ಎಂಬ ಸದ್ದು ಬರುತ್ತದೆಯೇ ಕೇಳಿ. ಅದನ್ನು ತೆಗೆದು ನೇರ ಗೋಡೆಗೆ ಹಾಕಿ ನೋಡಿ.

ಮಡಗಾಂವ್‌ಮಳೆ | ಸೋಮವಾರ, ಬೆಳಿಗ್ಗೆ 7.15

ಗೋವಾದಿಂದ ನನ್ನದೂ ಒಂದು ಮಾತು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ನನ್ನ ಕಂಪ್ಯೂಟರ್ ಹೋದ ವರ್ಷ ಹೀಗೆಯೇ ಮಾಡಿತು. ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಹಾಕಿದೆ, ಸರಿಹೋಯಿತು. ಅದಕ್ಕೂ ಹಿಂದಿನ ವರ್ಷ ಪವರ್ ಸಪ್ಲೈ ಒಳಗೆ ಹಲ್ಲಿ ಹೋಗಿ ಸತ್ತಿತ್ತು. ಅದರ ವಾಸನೆ ಚತುರ್ಥಿಯ ದಿನ ಮನೆಗೆ ನೆಂಟರು ಬಂದಾಗಲೇ ಏಳಬೇಕೇ!

ಕೋಥರೂಡ್‌ಕಟ್ಟೆ | ಬೆಳಿಗ್ಗೆ 8.02

ಮೊನ್ನೆ ತಂದ ರ‍್ಯಾಮ್‌ಗೆ ರಬ್ಬರ್ ಯಾಕೆ ಸಾಹೇಬರೇ? ಆದರೂ ರ‍್ಯಾಮ್ ಎಂದು ಒಪ್ಪಿಕೊಂಡಿರಲ್ಲ, ಸಂತೋಷ.

ಮಾಟುಂಗಾಮಾಣಿ | ಬೆಳಿಗ್ಗೆ 8.20

ಪೆನ್‌ಡ್ರೈವ್ ಎಲ್ಲಿಯದು ಎಂದು ಯಾರೂ ಕೇಳಲಿಲ್ಲ. ನಾನು ಫುಟ್‌ಪಾತಿನಲ್ಲಿ 300 ರೂಪಾಯಿಗೆ ಒಂದು ಟಿಬಿಯದು ತಂದಿದ್ದೆ. ನಿಜವಾದ ಜಾಗ 8 ಜಿಬಿ. ಅದು ತುಂಬಿದ ಮೇಲೆ ಹಾಕಿದ ಮದುವೆಯ ಫೋಟೊಗಳೆಲ್ಲ ಹೆಸರಿಗಷ್ಟೇ ಉಳಿದವು, ತೆರೆದರೆ ಒಳಗೆ ಏನೂ ಇಲ್ಲ.

ಥಾಣೆತಂಗಿ | ಬೆಳಿಗ್ಗೆ 8.31

ಪೆನ್‌ಡ್ರೈವ್ ನಕಲಿಯಾದರೆ ದೋಷದ ಸಂದೇಶ ಬರುತ್ತದೆ, ಯಂತ್ರವೇ ಬೀಳುವುದಿಲ್ಲ. ಅಲ್ಲ, ಒಂದು ಟಿಬಿ 300ಕ್ಕೆ ಕೊಡುತ್ತಾರೆ ಎಂದು ನಂಬಿದಿರಾ ಅಣ್ಣಾ?

ಮಾಟುಂಗಾಮಾಣಿ | ಬೆಳಿಗ್ಗೆ 8.33

500 ಹೇಳಿದ್ದ. ಚೌಕಾಸಿ ಮಾಡಿ 300ಕ್ಕೆ ಇಳಿಸಿದ್ದೆ.

ಹಳೇಕೈ | ಸೋಮವಾರ, ಮಧ್ಯಾಹ್ನ 1.40

ಲ್ಯಾಮಿಂಗ್ಟನ್ ರಸ್ತೆಯ ಹೆಸರು ಕೇಳಿ ಬಂದೆ. 1995ರ ಸುಮಾರಿಗೆ ಅಲ್ಲಿಯ ಒಂದು ಮಹಡಿಯ ಮೇಲೆ ಕೂತು 486 ಯಂತ್ರಗಳನ್ನು ಜೋಡಿಸುತ್ತಿದ್ದವನು ನಾನು. ಆಗ ಬೋರ್ಡಿಗೆ ಪವರ್ ಎರಡು ತುಂಡುಗಳಲ್ಲಿ ಬರುತ್ತಿತ್ತು. ಕಪ್ಪು ತಂತಿಗಳು ನಡುವೆ ಅಕ್ಕಪಕ್ಕ ಬರುವಂತೆ ಹಾಕಬೇಕು. ಅದಲು ಬದಲಾದರೆ ಬೋರ್ಡು ಹೊಗೆ. ಈಗ ಎಲ್ಲವೂ ಒಂದೇ ಬಗೆಯಲ್ಲಿ ಕೂರುತ್ತದೆ, ಪುಣ್ಯವಂತರು ನೀವು.

ಯಾವ ಭಾಗ ಕೆಟ್ಟಿದೆ ಎಂಬ ಜಗಳ ಆಮೇಲೆ. ಮೊದಲು ವಿಂಡೋಸ್ ಮರೆತುಬಿಡಿ. ಪೆನ್‌ಡ್ರೈವ್ ತೆಗೆಯಿರಿ, ಎಸ್‌ಎಸ್‌ಡಿ ಬಿಚ್ಚಿ ಪಕ್ಕಕ್ಕಿಡಿ. ಬಯೋಸ್ ತೆರೆದು ಸುಮ್ಮನೆ ಒಂದು ಗಂಟೆ ಬಿಡಿ. ಪ್ರೊಸೆಸರಿನ ಶಾಖ ಅಲ್ಲೇ ಕಾಣುತ್ತದೆ, ಬರೆದುಕೊಳ್ಳಿ. ಬಯೋಸ್‌ನಲ್ಲೇ ರೀಸ್ಟಾರ್ಟ್ ಆದರೆ ಅರ್ಧ ಅನುಮಾನ ತಾನಾಗಿ ಕಳಚುತ್ತದೆ. ಇನ್ನೊಂದು, ರೀಸ್ಟಾರ್ಟ್ ಆಗುವಾಗ ಫ್ಯಾನ್ ನಿಲ್ಲುತ್ತದೆಯೇ, ತಿರುಗುತ್ತಲೇ ಇರುತ್ತದೆಯೇ? ಇದನ್ನು ಕಣ್ಣಾರೆ ನೋಡಿ ಹೇಳಬೇಕು, ಅಂದಾಜು ಬೇಡ.

ಪೂರ್ವಡೊಂಬಿವಲಿ | ಸೋಮವಾರ, ರಾತ್ರಿ 10.15

ಕಚೇರಿಯಿಂದ ಬಂದು ಎಲ್ಲವನ್ನೂ ಮಾಡಿದೆ. ಯುಪಿಎಸ್ ತೆಗೆದು ನೇರ ಗೋಡೆಗೆ ಹಾಕಿದೆ. ಎಕ್ಸ್‌ಎಂಪಿ ಆಫ್. ಎಸ್‌ಎಸ್‌ಡಿ ಹೊರಗೆ. ಬಯೋಸ್‌ನಲ್ಲಿ 40 ನಿಮಿಷ ಸದ್ದಿಲ್ಲದೆ ಕೂತಿತ್ತು. ಶಾಖ 41 ಡಿಗ್ರಿ. ಸರಿ, ಚಹಾ ಕುಡಿಯೋಣ ಎಂದು ಮೇಜಿಗೆ ಕೈಯೂರಿ ಎದ್ದೆ. ಬೆನ್ನು ತಿರುಗಿಸುವಷ್ಟರಲ್ಲಿ ರೀಸ್ಟಾರ್ಟ್! ಮಗಳು ನೋಡುತ್ತಾ ಕೂತಿದ್ದಳು. ಫ್ಯಾನ್ ನಿಲ್ಲಲಿಲ್ಲವಂತೆ, ಒಂದು ಕ್ಷಣ ಸದ್ದು ಬದಲಾಯಿತು ಅಷ್ಟೇ.

ರ‍್ಯಾಮ್ ಒಂದೊಂದನ್ನೇ ಇಟ್ಟು ಮೆಮ್‌ಟೆಸ್ಟ್ ಕೂಡ ಓಡಿಸಿದೆ. ಎರಡರಲ್ಲೂ ದೋಷ 0, ಆದರೆ ಎರಡು ಸಲವೂ ಪೂರ್ತಿಯಾಗುವ ಮೊದಲೇ ರೀಸ್ಟಾರ್ಟ್.

ಪಿಂಪ್ರಿಪಾಳಿ | ರಾತ್ರಿ 10.24

ರ‍್ಯಾಮ್ ಪಕ್ಷದವರು ಎಲ್ಲಿದ್ದಾರೆ?

ಕೋಥರೂಡ್‌ಕಟ್ಟೆ | ರಾತ್ರಿ 10.26

ಇಲ್ಲೇ ಇದ್ದೇನೆ. ಪರೀಕ್ಷೆ ಪೂರ್ತಿಯಾಗಿಲ್ಲ, ಆದ್ದರಿಂದ ರ‍್ಯಾಮ್ ಇನ್ನೂ ಖುಲಾಸೆಯಾಗಿಲ್ಲ.

ಥಾಣೆತಂಗಿ | ರಾತ್ರಿ 10.40

41 ಡಿಗ್ರಿ ಎಂದ ಮೇಲೆ ಶಾಖದ ಮಾತು ಬಿಡಬಹುದು. ರೈಜೆನ್ 95ರ ಸುಮಾರಿಗೆ ಹೋದರೂ ಮೊದಲು ವೇಗ ತಗ್ಗಿಸಿಕೊಳ್ಳುತ್ತದೆ, ಅದಕ್ಕೂ ಮೀರಿದರೆ ಪೂರ್ತಿ ಆರುತ್ತದೆ. ವಿಂಡೋಸ್, ಪೆನ್‌ಡ್ರೈವ್, ಎಸ್‌ಎಸ್‌ಡಿ ಮೂರೂ ಪಟ್ಟಿಯಿಂದ ಹೊರಗೆ. ಉಳಿದದ್ದು ಬೋರ್ಡು, ಪ್ರೊಸೆಸರ್, ರ‍್ಯಾಮ್, ಪವರ್ ಸಪ್ಲೈ. ಬೋರ್ಡಿನ ಕೆಳಗೆ ಹೆಚ್ಚುವರಿ ಹಿತ್ತಾಳೆ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಗೂಟ) ಉಳಿದು ತಾಗುತ್ತಿದೆಯೇ ನೋಡಿ. ಚಿಕ್ಕ ಬೋರ್ಡಾದರೆ ಈ ತಪ್ಪು ಸುಲಭವಾಗಿ ಆಗುತ್ತದೆ.

ಪಿಂಪ್ರಿಪಾಳಿ | ರಾತ್ರಿ 10.47

ಯಾರ ಬಳಿಯಾದರೂ ಬೇರೆ ಪವರ್ ಸಪ್ಲೈ ಸಾಲ ಸಿಗುತ್ತದೆಯೇ? ಹಾಕಿ ನೋಡಿ. ಕೇಬಲ್ ಬಿಚ್ಚುವ ಬಗೆಯದಾದರೆ ಅದರ ಕೇಬಲ್ಲುಗಳನ್ನೇ ಬಳಸಿ. ಸಪ್ಲೈ ತುದಿಯ ಪಿನ್‌ಗಳ ಕ್ರಮಕ್ಕೆ ಎಲ್ಲ ಕಂಪನಿಗಳಲ್ಲೂ ಒಂದೇ ನಿಯಮವಿಲ್ಲ. ಹಳೆಯ ಕೇಬಲ್ಲಿಗೆ ಹೊಸ ಪೆಟ್ಟಿಗೆ ಸಿಕ್ಕಿಸಿ ಬೋರ್ಡು ಸುಟ್ಟುಕೊಂಡವರಿದ್ದಾರೆ.

ಹಳೇಕೈ | ರಾತ್ರಿ 11.05

ಫ್ಯಾನ್ ನಿಲ್ಲಲಿಲ್ಲ ಎಂಬ ಮಾತನ್ನು ಯಾರೂ ಹಿಡಿಯಲಿಲ್ಲ. ಸಪ್ಲೈ ತನ್ನ ರಕ್ಷಣೆಗೆ ಕೈಬಿಟ್ಟಿದ್ದರೆ ಸಾಮಾನ್ಯವಾಗಿ ಎಲ್ಲವೂ ಒಮ್ಮೆ ಸತ್ತು ಏಳುತ್ತಿತ್ತು. ಇಲ್ಲಿ ಬೋರ್ಡಿಗೆ ಯಾರೋ ರೀಸೆಟ್ ಎಂದು ಹೇಳುತ್ತಿದ್ದಾರೆ.

ಡೊಂಬಿವಲಿ ರಾಯರೇ, ನಾಳೆ ಮಗಳ ಕೈಗೆ ಒಂದು ನೋಟುಬುಕ್ ಕೊಡಿ. ಪ್ರತಿ ರೀಸ್ಟಾರ್ಟ್‌ನ ಗಂಟೆ ನಿಮಿಷ ಬರೆಯಲಿ, ಆ ಹೊತ್ತಿನಲ್ಲಿ ಮನೆಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನೂ ಬರೆಯಲಿ. ಫ್ರಿಜ್, ಮಿಕ್ಸಿ, ಬಾಗಿಲು, ಏನಿದ್ದರೂ.

ಮಡಗಾಂವ್‌ಮಳೆ | ರಾತ್ರಿ 11.12

ನಿಮ್ಮ ಮನೆ ರೈಲು ಹಳಿಯ ಪಕ್ಕದಲ್ಲಿದೆಯೇ?

ಪೂರ್ವಡೊಂಬಿವಲಿ | ರಾತ್ರಿ 11.14

ನೂರು ಹೆಜ್ಜೆ ಅಷ್ಟೇ! ಫಾಸ್ಟ್ ಲೋಕಲ್ ಹೋದರೆ ಕಿಟಕಿಯ ಗಾಜು ಗಡಗಡ ಎನ್ನುತ್ತದೆ. ಹಾಗಾದರೆ ಅದೇ ಇರಬಹುದೇ?

ಮಾಟುಂಗಾಮಾಣಿ | ರಾತ್ರಿ 11.16

ಹಾಗಾದರೆ ದೂರನ್ನು ಸ್ಟೇಷನ್ ಮಾಸ್ಟರಿಗೆ ಕೊಡಬೇಕು ಮಾರಾಯರೇ.

ಥಾಣೆತಂಗಿ | ರಾತ್ರಿ 11.20

ಆ ಲೈನಿನಲ್ಲಿ ಸಂಜೆಯ ಹೊತ್ತು ಕೆಲವೇ ನಿಮಿಷಕ್ಕೊಂದು ರೈಲು. ರೈಲು ಕಾರಣವಾಗಿದ್ದರೆ ಬಯೋಸ್ 40 ನಿಮಿಷ ಹೇಗೆ ಕೂತಿತ್ತು?

ಪೂರ್ವಡೊಂಬಿವಲಿ | ಮಂಗಳವಾರ, ರಾತ್ರಿ 9.55

ಪಕ್ಕದ ಮನೆಯ ಹುಡುಗ ತನ್ನ ಪವರ್ ಸಪ್ಲೈ ಸಾಲ ಕೊಟ್ಟ. ಅದರದೇ ಕೇಬಲ್ ಬಳಸಿದೆ. ಹಿತ್ತಾಳೆಯ ತುಂಡೇನೂ ಬೋರ್ಡಿನ ಕೆಳಗೆ ಇಲ್ಲ. ಆದರೂ ರೀಸ್ಟಾರ್ಟ್. ಮಗಳ ನೋಟುಬುಕ್ ಹೀಗಿದೆ, ಹಾಗೆಯೇ ಇಳಿಸುತ್ತೇನೆ:

7.20 ಆನ್. ಮೆಮ್‌ಟೆಸ್ಟ್ ಶುರು.
7.26 ಲೋಕಲ್, ಏನೂ ಆಗಲಿಲ್ಲ. 7.29 ಲೋಕಲ್, ಏನೂ ಆಗಲಿಲ್ಲ. ರೈಲು ಬರೆಯುವುದನ್ನು ನಿಲ್ಲಿಸಿದ್ದೇನೆ.
7.50 ಫ್ರಿಜ್ ಶುರುವಾಯಿತು, ಏನೂ ಆಗಲಿಲ್ಲ.
8.31 ರೀಸ್ಟಾರ್ಟ್. ಅಮ್ಮ ಚಪಾತಿ.
8.34 ರೀಸ್ಟಾರ್ಟ್. ಅಮ್ಮ ಚಪಾತಿ.
8.35 ರೀಸ್ಟಾರ್ಟ್. ಅಮ್ಮ ಚಪಾತಿ.
8.52 ಚಪಾತಿ ಮುಗಿಯಿತು. ಆಮೇಲೆ ಇಲ್ಲಿಯವರೆಗೆ ಸರಿಯಾಗಿದೆ.

ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಆದ್ದರಿಂದ ಆಕೆ ಚಪಾತಿ ಮಣೆಯನ್ನು ಊಟದ ಮೇಜಿನ ಮೇಲಿಟ್ಟು ಲಟ್ಟಿಸುತ್ತಾಳೆ. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕಂಪ್ಯೂಟರ್.

ಹಳೇಕೈ | ರಾತ್ರಿ 10.02

ಸಿಕ್ಕಿತು. ದಾದರ್ ಸೇತುವೆಯಲ್ಲಿ ಪೆಟ್ಟಿಗೆಯ ಯಾವ ಮೂಲೆ ನುಜ್ಜಾಯಿತು?

ಪೂರ್ವಡೊಂಬಿವಲಿ | ರಾತ್ರಿ 10.05

ಮುಂಭಾಗದ ಮೇಲಿನ ಬಲಮೂಲೆ. ಗುಂಡಿಗಳಿರುವ ಕಡೆ.

ಹಳೇಕೈ | ರಾತ್ರಿ 10.12

ಮದರ್‌ಬೋರ್ಡಿನ ಕೆಳಗಿನ ಬಲಮೂಲೆಯಲ್ಲಿ ಕ್ಯಾಬಿನೆಟ್ಟಿನಿಂದ ಬಂದ ಸಣ್ಣ ತಂತಿಗಳು ಸಾಲಾಗಿ ಕೂತಿವೆ. ಅದರಲ್ಲಿ ರೀಸೆಟ್ ಎಂದು ಬರೆದ ಎರಡು ಪಿನ್ನಿನ ತಲೆಯನ್ನು ಮಾತ್ರ ಎಳೆದು ತೆಗೆಯಿರಿ. ಬೇರೆ ಯಾವುದನ್ನೂ ಮುಟ್ಟಬೇಡಿ. ಆ ಗುಂಡಿ ಮಾಡುವುದಿಷ್ಟೇ, ಎರಡು ಪಿನ್‌ಗಳನ್ನು ಒಂದು ಕ್ಷಣ ಕೂಡಿಸುತ್ತದೆ. ಮುಂಭಾಗದ ಪ್ಲಾಸ್ಟಿಕ್ ಸೊಟ್ಟಗಾಗಿ ಗುಂಡಿ ಅರ್ಧ ಒತ್ತಿದ ಸ್ಥಿತಿಯಲ್ಲಿ ಸಿಕ್ಕಿಕೊಂಡಿರಬೇಕು. ಉಳಿದರ್ಧವನ್ನು ಲಟ್ಟಣಿಗೆ ಒತ್ತುತ್ತಿದೆ. ಪವರ್ ಗುಂಡಿಯಾಗಿದ್ದರೆ ಯಂತ್ರ ಆರುತ್ತಿತ್ತು.

ತೆಗೆದ ಮೇಲೆ ಮನೆಯವರಿಗೆ ಇನ್ನೆರಡು ಚಪಾತಿ ಲಟ್ಟಿಸಲು ಹೇಳಿ. ಜೋರಾಗಿ.

ಪೂರ್ವಡೊಂಬಿವಲಿ | ರಾತ್ರಿ 11.48

ಹಿಟ್ಟು ಮುಗಿದಿತ್ತು. ಬರೀ ಮಣೆಯ ಮೇಲೆ ಲಟ್ಟಣಿಗೆ ಕುಟ್ಟಿದೆವು, ಕೆಳಗಿನ ಮನೆಯವರು ಫೋನ್ ಮಾಡುವವರೆಗೆ. ಕಂಪ್ಯೂಟರ್ ಕದಲಲಿಲ್ಲ. ಎಸ್‌ಎಸ್‌ಡಿ ಹಾಕಿ ಮತ್ತೆ ಶುರು ಮಾಡಿದೆ. ಶೇ 100 ಮುಟ್ಟಿ, ತಾನೇ ರೀಸ್ಟಾರ್ಟ್ ಆಗಿ (ಆಗ ಮೂವರೂ ಕಿರುಚಿದೆವು, ಮಾಣಿಯವರ ಮಾತು ನೆನಪಾಗಿ ಸುಮ್ಮನಾದೆವು), ಈಗ ದೇಶ ಯಾವುದು, ಕೀಬೋರ್ಡ್ ಯಾವುದು ಎಂದು ಕೇಳುತ್ತಿದೆ.

ಹೊಸ ತಾಪತ್ರಯ: ಇಂಟರ್ನೆಟ್ ಬೇಕು ಎನ್ನುತ್ತಿದೆ, ಮುಂದೆ ಹೋಗಲು ಬಿಡುತ್ತಿಲ್ಲ. ಬೋರ್ಡಿನಲ್ಲಿ ವೈಫೈ ಇಲ್ಲ.

ಥಾಣೆತಂಗಿ | ರಾತ್ರಿ 11.51

ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಕಂಪ್ಯೂಟರಿಗೆ ಸಿಕ್ಕಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಫೋನಿನ ಇಂಟರ್ನೆಟ್ ಕಂಪ್ಯೂಟರಿಗೂ ಸಿಗುತ್ತದೆ. ಮಗಳ ನೋಟುಬುಕ್ಕಿಗೆ ನನ್ನ ನಮಸ್ಕಾರ. ನಮ್ಮ ಕಂಪನಿಯಲ್ಲಿ ಇಷ್ಟು ಚೆನ್ನಾಗಿ ದೋಷ ವರದಿ ಬರೆಯುವವರಿಲ್ಲ.

ಮಾಟುಂಗಾಮಾಣಿ | ಬುಧವಾರ, ಬೆಳಿಗ್ಗೆ 7.40

ರೀಸ್ಟಾರ್ಟ್ ಸಹಜ ಎಂದು ಮೊದಲೇ ಹೇಳಿದ್ದೆ. ಯಾರು ಕೇಳುತ್ತಾರೆ.

ಅಂದ ಹಾಗೆ ಆ ರಸ್ತೆಯ ಸರ್ಕಾರಿ ಹೆಸರು ಡಾ. ಭಡಕಮಕರ್ ಮಾರ್ಗ. ಲ್ಯಾಮಿಂಗ್ಟನ್ 1903ರಿಂದ 1907ರವರೆಗೆ ಮುಂಬೈ ಗವರ್ನರ್ ಆಗಿದ್ದವ. ಟ್ಯಾಕ್ಸಿಯವನಿಗೆ ಹೊಸ ಹೆಸರು ಹೇಳಿ ನೋಡಿ, ಮುಖ ನೋಡುತ್ತಾನೆ.

ಕೋಥರೂಡ್‌ಕಟ್ಟೆ | ಬೆಳಿಗ್ಗೆ 8.15

ಅಭಿನಂದನೆ. ಈಗ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿ. ಈ ಸಲ ನಡುವೆ ನಿಲ್ಲುವ ಭಯವಿಲ್ಲವಲ್ಲ.

ಪಿಂಪ್ರಿಪಾಳಿ | ಬೆಳಿಗ್ಗೆ 8.19

ಬಿಡುವುದಿಲ್ಲ ನೀವು.

ಪೂರ್ವಡೊಂಬಿವಲಿ | ಗುರುವಾರ, ಬೆಳಿಗ್ಗೆ 6.50

ಕೋಥರೂಡ್ ಸಾಹೇಬರೇ, 3600ರಲ್ಲಿ ದೋಷ 2. 3200ಕ್ಕೆ ಇಳಿಸಿ ಮತ್ತೆ ಓಡಿಸಿದೆ, 0.

ಕೋಥರೂಡ್‌ಕಟ್ಟೆ | ಬೆಳಿಗ್ಗೆ 6.58

ನಾನು ಏನು ಹೇಳಿದ್ದೆ!!! ಎರಡಲ್ಲ, ಒಂದು ದೋಷ ಬಂದರೂ ಬಿಡಬಾರದು. 3200ರಲ್ಲೇ ಇರಲಿ, ಮಗಳಿಗೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಆಗುವುದಿಲ್ಲ.

ಥಾಣೆತಂಗಿ | ಬೆಳಿಗ್ಗೆ 9.10

ಇವರಿಗೆ ಇನ್ನು ಒಂದು ವರ್ಷ ಇದೇ ಮಾತು.

ಹಳೇಕೈ | ಗುರುವಾರ, ರಾತ್ರಿ 9.30

ರೀಸೆಟ್ ತಂತಿ ಹಾಗೆಯೇ ಬಿಟ್ಟರೂ ನಡೆಯುತ್ತದೆ. ಬೇಕಾದರೆ ಮುಂಭಾಗದ ಪ್ಲಾಸ್ಟಿಕ್ ಕಳಚಿ ಗುಂಡಿಯ ಅಂಚನ್ನು ಉಗುರು ಉಜ್ಜುವ ಅರದಿಂದ ಸ್ವಲ್ಪ ತೀಡಿ. ಆದರೆ ಪಿಂಪ್ರಿಯವರು ಹೇಳಿದ ಅರ್ಥಿಂಗ್ ವಿಷಯ ಗೆಲುವಿನ ಗದ್ದಲದಲ್ಲಿ ಮರೆಯಬೇಡಿ. ಮಗಳು ಬರಿಗಾಲಿನಲ್ಲಿ ಕೂತು ಓದುವ ಯಂತ್ರ ಅದು.

ಪೂರ್ವಡೊಂಬಿವಲಿ | ರಾತ್ರಿ 9.44

ಕರೆದಿದ್ದೇನೆ ಸರ್. ಎಲೆಕ್ಟ್ರಿಷಿಯನ್ ಭಾನುವಾರ ಬರುತ್ತೇನೆ ಎಂದಿದ್ದಾನೆ. ಯಾವ ಭಾನುವಾರ ಎಂದು ಹೇಳಿಲ್ಲ. ಅಲ್ಲಿಯವರೆಗೆ ಮೇಜಿನ ಕೆಳಗೆ ರಬ್ಬರ್ ಚಾಪೆ ಹಾಸಿದ್ದೇವೆ. ಚಪಾತಿ ಮಣೆ ನೆಲಕ್ಕೆ ಇಳಿದಿದೆ, ಅದರ ಬಗ್ಗೆ ಮನೆಯಲ್ಲಿ ಬೇರೆ ಚರ್ಚೆ ನಡೆಯುತ್ತಿದೆ.